ಸ್ಕಾಟ್ಸ್ ಭಾಷೆಯ ‘ಥೋಲ್’, ನಮ್ಮ ‘ತಾಳು’: ನಂಟಿದೆಯೇ?

ಪದಶೋಧ: ಸ್ಕಾಟ್ಲೆಂಡಿನ ಕೋರ್ಟ್ ವರದಿಯೊಂದರಲ್ಲಿ ಆರೋಪಿ ‘ಹ್ಯಾಸ್ ಥೋಲ್ಡ್ ಹಿಸ್ ಅಸೈಜ್’ ಎಂದಿದೆ. ಮಾತಿನಲ್ಲಿ ‘ಐ ಕ್ಯಾನೇ ಥೋಲ್ ಹಿಮ್’ ಅನ್ನುತ್ತಾರಂತೆ. ಎರಡೂ ಒಂದೇ ಪದವೇ? ‘ತಾಳು’ವಿಗೂ ಇದಕ್ಕೂ ಸಂಬಂಧ ಇದೆಯೇ?

ಹಳೆನುಡಿ: ಒಂದೇ ಪದ. ಸಹಿಸು, ತಾಳಿಕೋ ಎಂದರ್ಥ. ಮೊದಲ ಅಕ್ಷರ ನಮ್ಮ ‘ಥ’ ಅಲ್ಲ. ‘ಥಿಂಕ್’ ಎನ್ನುವಾಗ ಇಂಗ್ಲಿಷರು ನಾಲಿಗೆಯನ್ನು ಹಲ್ಲಿಗೆ ತಾಕಿಸಿ ಗಾಳಿ ಬಿಡುತ್ತಾರಲ್ಲ, ಆ ಧ್ವನಿ. ನೋವು, ಚಳಿ, ಕಷ್ಟವನ್ನು ಥೋಲ್ ಮಾಡುವುದು ಅಂದರೆ ಗೊಣಗದೆ ತಡೆದುಕೊಳ್ಳುವುದು. ನಿಷೇಧದಲ್ಲಿ ಅರ್ಥ ವಾಲುತ್ತದೆ: ‘ಕ್ಯಾನೇ ಥೋಲ್ ಹಿಮ್’ ಅನ್ನು ‘ಅವನನ್ನು ತಾಳಲಾರೆ’ ಎಂದರೆ ಸಪ್ಪೆ, ‘ಅವನನ್ನು ಕಂಡರೆ ನನಗಾಗದು’ ಎನ್ನಿ. ‘ಹಿ ದಟ್ ಥೋಲ್ಸ್ ಓವರ್‌ಕಮ್ಸ್’ ಎಂಬ ಗಾದೆಗಂತೂ ನಮ್ಮ ‘ತಾಳಿದವನು ಬಾಳಿಯಾನು’ ಹೇಳಿ ಮಾಡಿಸಿದಂತಿದೆ.

ದೋಣಿಯ ಹುಟ್ಟು ಜಾರದಂತೆ ಅಂಚಿಗೆ ಸಿಗಿಸುವ ಗೂಟಕ್ಕೂ ಇಂಗ್ಲಿಷಿನಲ್ಲಿ ಇದೇ ಕಾಗುಣಿತ. ಅದು ಬೇರೆ ಪದ. ನಿಘಂಟು ನೋಡುವಾಗ ಕ್ರಿಯಾಪದದ ನಮೂದನ್ನೇ ಹುಡುಕಿ.

ನ್ಯಾಯಮಾರ್ಗ: ಕೋರ್ಟಿನ ಪ್ರಯೋಗವನ್ನು ‘ಶಿಕ್ಷೆ ಅನುಭವಿಸಿದ’ ಎಂದು ಅನುವಾದಿಸಬೇಡಿ, ಅರ್ಥವೇ ತಿರುಗಿಬೀಳುತ್ತದೆ. ಅಸೈಜ್ ಎಂದರೆ ಇಲ್ಲಿ ವಿಚಾರಣೆ. ಕ್ರಮಬದ್ಧ ವಿಚಾರಣೆಯನ್ನು ತೀರ್ಪಿನವರೆಗೂ ಎದುರಿಸಿದ್ದಾನೆ, ಅದೇ ಅಪರಾಧಕ್ಕೆ ಮತ್ತೆ ಕಟಕಟೆ ಹತ್ತಿಸುವಂತಿಲ್ಲ ಎಂಬುದು ಪೂರ್ತಿ ಭಾವ. ಬಿಡುಗಡೆಯಾದವನಿಗೂ ಇದು ಅನ್ವಯ. ಆದರೆ ಸ್ಕಾಟ್ಲೆಂಡಿನ 2011ರ ಕಾಯ್ದೆ ಕೆಲವು ವಿನಾಯಿತಿ ತಂದಿತು: ಹಿಂದಿನ ವಿಚಾರಣೆ ಲಂಚ, ಬೆದರಿಕೆಯಂಥದ್ದರಿಂದ ಕಲುಷಿತವಾಗಿದ್ದರೆ, ಖುಲಾಸೆಯಾದವನು ತಪ್ಪೊಪ್ಪಿಕೊಂಡರೆ, ಹೈಕೋರ್ಟ್ ವಿಚಾರಣೆಯ ನಂತರ ಬಲವಾದ ಹೊಸ ಸಾಕ್ಷ್ಯ ಸಿಕ್ಕರೆ. 1977ರ ಎಡಿನ್‌ಬರೋ ಜೋಡಿ ಕೊಲೆ ಪ್ರಕರಣದಲ್ಲಿ 2007ರಲ್ಲಿ ಖುಲಾಸೆಯಾಗಿದ್ದ ಆಂಗಸ್ ಸಿಂಕ್ಲೇರ್ 2014ರಲ್ಲಿ ಮರುವಿಚಾರಣೆಯಾಗಿ ಶಿಕ್ಷೆಗೊಳಗಾದದ್ದು ಈ ಕಾಯ್ದೆಯಿಂದಲೇ.

ಬೇರುನುಡಿ: ‘ತಾಳು’ ದ್ರಾವಿಡ ಪದ, ತಮಿಳಿನಲ್ಲೂ ಇದೆ. ‘ಥೋಲ್’ ಹಳೆ ಇಂಗ್ಲಿಷಿನ ‘ಥೋಲಿಯನ್’ನಿಂದ ಬಂದದ್ದು. ಇಂಗ್ಲಿಷ್ ಅದನ್ನು ಬಹುಮಟ್ಟಿಗೆ ಕೈಬಿಟ್ಟಿತು. ಸ್ಕಾಟ್ಸ್, ಉತ್ತರ ಇಂಗ್ಲೆಂಡ್, ಐರ್ಲೆಂಡಿನ ಉತ್ತರ ಭಾಗವಾದ ಅಲ್‌ಸ್ಟರ್ ಕಡೆಯ ಮಾತು ಉಳಿಸಿಕೊಂಡವು. ಹೋಲಿಕೆ ಬರೀ ಆಕಸ್ಮಿಕ. ನಿಜವಾದ ನಂಟು ಸಂಸ್ಕೃತದ ‘ತುಲಾ’ದ ಜೊತೆಗಿದೆ! ಎತ್ತು, ಹೊರು ಎಂಬ ಮೂಲ ಇಂಡೋ-ಯೂರೋಪಿಯನ್ ಧಾತುವಿನಿಂದ ಎರಡೂ ಹುಟ್ಟಿವೆ. ಆ ಮೂಲದ ‘ತ’ ಸಂಸ್ಕೃತದಲ್ಲಿ ಹಾಗೇ ನಿಂತಿತು, ಇಂಗ್ಲಿಷ್ ಸೇರಿದ ಜರ್ಮ್ಯಾನಿಕ್ ನುಡಿಗಳಲ್ಲಿ ‘ಥಿಂಕ್’ನ ‘ಥ’ ಆಯಿತು. ‘ತ್ರಿ’ಗೆ ‘ಥ್ರೀ’ ಇದ್ದಂತೆ. ‘ಟಾಲರೇಟ್’ ಕೂಡ ಲ್ಯಾಟಿನ್ ದಾರಿಯಿಂದ ಇದೇ ಬಳಗಕ್ಕೆ ಸೇರಿದ್ದು.

ಪದಶೋಧ: ಹಾಗಾದರೆ ಕೋರ್ಟ್ ವಾಕ್ಯವನ್ನು ‘ಈ ಆರೋಪದ ವಿಚಾರಣೆಯನ್ನು ಈಗಾಗಲೇ ಎದುರಿಸಿ ಮುಗಿಸಿದ್ದಾನೆ’ ಎನ್ನಬಹುದೇ?

ನ್ಯಾಯಮಾರ್ಗ: ಧಾರಾಳವಾಗಿ. ‘ಮತ್ತೆ ವಿಚಾರಣೆಗೆ ಗುರಿಪಡಿಸುವಂತಿಲ್ಲ’ ಎಂಬುದನ್ನೂ ಸೇರಿಸಿ. ಅದಿಲ್ಲದಿದ್ದರೆ ವರದಿಯಲ್ಲಿ ಆ ಮಾತು ಬಂದಿದ್ದೇಕೆಂದು ಓದುಗರಿಗೆ ತಿಳಿಯುವುದಿಲ್ಲ.