ಸಾಲ ಮಾಡಿ ಇಂಜಿನಿಯರಿಂಗ್ ಓದಿಸಬೇಕಾ? ಎರಡು ಸೀಟಿನ ಲೆಕ್ಕ

ಕೇಳಿದವರು, ರಾಣೆಬೆನ್ನೂರು: ಮಗಳ್ದು ಪಿಯುಸಿ ಸೈನ್ಸ್ ಮುಗೀತು. ಕೆಸಿಇಟಿ ಮೊದಲ ಸುತ್ತಿನಾಗ ದಾವಣಗೆರೆ ಖಾಸಗಿ ಕಾಲೇಜಿನಾಗ ಎಲೆಕ್ಟ್ರಾನಿಕ್ಸ್ ಸೀಟು ಬಂದೈತಿ, ಸರ್ಕಾರಿ ಕೋಟಾ, ವರ್ಷಕ್ಕ ಎಲ್ಲಾ ಸೇರಿ 1 ಲಕ್ಷ. ಆಕಿಗೆ ಕಂಪ್ಯೂಟರ್ ಸೈನ್ಸೇ ಬೇಕಂತ. ಬೆಂಗಳೂರಾಗ ಮ್ಯಾನೇಜ್‌ಮೆಂಟ್ ಸೀಟಿಗೆ ವರ್ಷಕ್ಕ 3 ಲಕ್ಷ, ಮ್ಯಾಲೆ 4 ಲಕ್ಷ ಡೊನೇಷನ್ ನಗದು ಕೇಳಾಕತ್ತಾರ. ಎರಡು ಎಕರೆ ಹೊಲ ಅಡ ಇಟ್ಟು ಸಾಲ ತಗೀಬೇಕಂತ ಮಾಡೇನಿ. ಓದಿದವ್ರಿಗೇ ಕೆಲಸ ಇಲ್ಲ ಅಂತಾರ. ಈ ಸಾಲ ತೀರತೈತೇನ್ರಿ?

ಬ್ಯಾಂಕಿನಲ್ಲಿ ಸಾಲ ವಿಭಾಗ ನೋಡಿಕೊಳ್ಳುವವರು: ಸರ್, ಮೊದಲು ಹೊಲದ ವಿಷಯ. ಶಿಕ್ಷಣ ಸಾಲಕ್ಕೆ ಕೃಷಿ ಜಮೀನನ್ನು ಅಡಮಾನ ತಗೊಳ್ಳೋಕೆ ಬ್ಯಾಂಕ್‌ಗಳು ಸಾಮಾನ್ಯವಾಗಿ ಹಿಂದೇಟು ಹಾಕುತ್ತವೆ. ಸಾಲ ಕಟ್ಟದಿದ್ದರೆ ಕೋರ್ಟಿಗೆ ಹೋಗದೆ ಆಸ್ತಿ ಹರಾಜು ಹಾಕೋಕೆ ಬಿಡುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸಲ್ಲ, ಅದೇ ಕಾರಣ. ಅವರು ಕೇಳೋದು ಮನೆ ಅಥವಾ ಸೈಟು. ಪಂಚಾಯ್ತಿ ಆಸ್ತಿಯಾದರೆ ಇ-ಸ್ವತ್ತಿನ ಫಾರ್ಮ್ 9 ಮತ್ತು 11, ಪಟ್ಟಣದ್ದಾದರೆ ಇ-ಖಾತೆ, ಜೊತೆಗೆ ಇಸಿ (ಋಣಭಾರ ಪತ್ರ), ಮೂಲಪತ್ರ. 7.5 ಲಕ್ಷ ದಾಟಿದ ಸಾಲಕ್ಕೆ ಸಾಮಾನ್ಯವಾಗಿ ಆಸ್ತಿ ತೋರಿಸಬೇಕು. 4 ಲಕ್ಷದವರೆಗೆ ಅಡಮಾನವೂ ಬೇಡ, ಕೈಯಿಂದ ಹಾಕುವ ಮಾರ್ಜಿನ್ ಹಣವೂ ಬೇಡ. ತಂದೆ ಅಥವಾ ತಾಯಿ ಸಹ-ಸಾಲಗಾರರಾಗಿ ಸಹಿ ಹಾಕಿದರೆ ಆಯಿತು.

ಡೊನೇಷನ್ನಿಗೆ ಬ್ಯಾಂಕ್ ಒಂದು ರೂಪಾಯಿ ಕೊಡಲ್ಲ. ರಸೀದಿ ಇರುವ ಶುಲ್ಕಕ್ಕೆ ಮಾತ್ರ ಸಾಲ, ಅದೂ ನೇರವಾಗಿ ಕಾಲೇಜಿನ ಖಾತೆಗೆ. ಹಾಗಾಗಿ ಆ 4 ಲಕ್ಷಕ್ಕೆ ಜನ ಕೈಸಾಲಕ್ಕೆ ಹೋಗ್ತಾರೆ. ನೂರಕ್ಕೆ ಮೂರರ ಬಡ್ಡಿ ಅಂದರೆ ತಿಂಗಳಿಗೆ 12 ಸಾವಿರ. ಮೊದಲ ಸೆಮಿಸ್ಟರ್ ಮುಗಿಯುವ ಹೊತ್ತಿಗೆ ಬರೀ ಬಡ್ಡಿಯೇ 72 ಸಾವಿರ. ದಯವಿಟ್ಟು ಆ ಕಡೆ ತಲೆ ಹಾಕಬೇಡಿ.

ಇನ್ನು ಬ್ಯಾಂಕ್ ಸಾಲದ ಲೆಕ್ಕ. ಕೋರ್ಸಿನ 4 ವರ್ಷ, ಮೇಲೆ 1 ವರ್ಷ ಕಂತು ಕಟ್ಟಬೇಕಾಗಿಲ್ಲ, ಆದರೆ ಬಡ್ಡಿ ನಿಲ್ಲಲ್ಲ. ಪ್ರತಿ ವರ್ಷದ ಶುಲ್ಕ ಬಿಡುಗಡೆಯಾದ ದಿನದಿಂದ ಸರಳ ಬಡ್ಡಿ ಓಡುತ್ತಾ, ಕಂತು ಶುರುವಾಗುವಾಗ ಅಸಲಿಗೆ ಸೇರಿಕೊಳ್ಳುತ್ತೆ. ಶೇ 10 ಹಿಡಿಯೋಣ. ಬೆಂಗಳೂರಿನ 12 ಲಕ್ಷಕ್ಕೆ 5 ವರ್ಷದಲ್ಲಿ 4.2 ಲಕ್ಷ ಬಡ್ಡಿ ಸೇರಿ 16.2 ಲಕ್ಷವಾಗುತ್ತೆ. 10 ವರ್ಷಕ್ಕೆ ಕಂತು ತಿಂಗಳಿಗೆ ಸುಮಾರು 21,400. 15 ವರ್ಷಕ್ಕೆ ಎಳೆದರೂ 17,400. ದಾವಣಗೆರೆಯ 4 ಲಕ್ಷ 5.4 ಲಕ್ಷವಾಗಿ, 10 ವರ್ಷಕ್ಕೆ 7,100 ಚಿಲ್ಲರೆ. ಓದುವಾಗಲೇ ಬಡ್ಡಿ ಕಟ್ಟುತ್ತಾ ಹೋದರೆ ಮೊದಲ ವರ್ಷ ತಿಂಗಳಿಗೆ 833, ಕೊನೆಗೆ 3,333 ಬೀಳುತ್ತೆ. ಆಗ ಕಂತು 5,300ರ ಆಸುಪಾಸಿಗೆ ಇಳಿಯುತ್ತೆ.

ಮನೆಯ ವಾರ್ಷಿಕ ಆದಾಯ 4.5 ಲಕ್ಷದೊಳಗಿದ್ದು, ಕಾಲೇಜಿಗೆ ನ್ಯಾಕ್ ಅಥವಾ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದ್ದರೆ, ಆ 5 ವರ್ಷದ ಬಡ್ಡಿಯನ್ನು ಕೇಂದ್ರ ಸರ್ಕಾರದ ಸಬ್ಸಿಡಿ ಯೋಜನೆಯೇ ಭರಿಸುತ್ತೆ. ಆದಾಯ ಪ್ರಮಾಣಪತ್ರವನ್ನು ಸಾಲದ ಅರ್ಜಿ ಜೊತೆಗೇ ಕೊಟ್ಟು, ಸಬ್ಸಿಡಿಗೆ ಹೆಸರು ಹೋಗಿದೆಯಾ ಅಂತ ಶಾಖೆಯಲ್ಲಿ ಕೇಳಿ. ಇದು ತಪ್ಪೋದೇ ಇಲ್ಲಿ. ಮ್ಯಾನೇಜ್‌ಮೆಂಟ್ ಕೋಟಾದವರಿಗೆ ಈ ಸಬ್ಸಿಡಿ ಇಲ್ಲ.

ಕಾಲೇಜೊಂದರ ಪ್ಲೇಸ್‌ಮೆಂಟ್ ವಿಭಾಗದವರು: ಸಾಲ ತೀರುತ್ತಾ ಅನ್ನೋದಕ್ಕೆ ಸಂಬಳದ ಕಡೆಯಿಂದ ನೋಡಿ. ದೊಡ್ಡ ಸಾಫ್ಟ್‌ವೇರ್ ಸೇವಾ ಕಂಪನಿಗಳು ಹೊಸಬರಿಗೆ ಕೊಡುವ ಮಾಮೂಲಿ ಪ್ಯಾಕೇಜ್ 3.5 ಲಕ್ಷದ ಆಸುಪಾಸು, ವರ್ಷಗಳಿಂದ ಹೆಚ್ಚು ಅಲ್ಲಾಡಿಲ್ಲ. 3.6 ಲಕ್ಷ ಅಂದರೆ ತಿಂಗಳಿಗೆ 30 ಸಾವಿರ ಅಂದುಕೊಳ್ಳಬೇಡಿ. ಕಂಪನಿ ಪಾಲಿನ ಪಿಎಫ್, ಗ್ರಾಚ್ಯುಟಿ ಅದರೊಳಗೇ ಇರುತ್ತೆ. ನಿಮ್ಮ ಪಾಲಿನ ಪಿಎಫ್, ವೃತ್ತಿ ತೆರಿಗೆ ಹಿಡಿದ ಮೇಲೆ ಕೈಗೆ ಬರೋದು 25 ಸಾವಿರ, ಕೆಲಸ ನೋಡಿ ಕೊಡುವ ವೇರಿಯಬಲ್ ಪೇ ಇದ್ದರೆ ಇನ್ನೂ ಕಡಿಮೆ. ಬೆಂಗಳೂರಲ್ಲಿ ಊಟ ಸೇರಿ ಪಿಜಿಗೆ 8-10 ಸಾವಿರ, ಓಡಾಟ, ಫೋನು, ಬಟ್ಟೆಗೆ 4 ಸಾವಿರ. ಉಳಿಯೋ 11-13 ಸಾವಿರದಲ್ಲಿ 7,100ರ ಕಂತು ಕಟ್ಟಬಹುದು, 21,400 ಆಗೋದೇ ಇಲ್ಲ. ಯಾವ ಕಾಲೇಜಿಗೂ ಇದೇ ಅಳತೆ ಇಟ್ಟು ನೋಡಿ.

ಕಾಲೇಜಿನವರು ಗೋಡೆ ಮೇಲೆ ಹಾಕುವ ಅತಿ ಹೆಚ್ಚಿನ ಪ್ಯಾಕೇಜ್ ಒಬ್ಬರದ್ದು. ನೀವು ಕೇಳಬೇಕಾದ್ದು ಆ ಬ್ರಾಂಚಲ್ಲಿ ಎಷ್ಟು ಜನ ಇದ್ದರು, ಎಷ್ಟು ಜನರಿಗೆ ಕೆಲಸ ಸಿಕ್ಕಿತು ಅಂತ. ಆಫರ್ ಸಂಖ್ಯೆ ಹೇಳಿದರೆ ಒಪ್ಪಬೇಡಿ, ಒಬ್ಬನೇ ಹುಡುಗನ ಮೂರು ಆಫರ್ ಮೂರು ಅಂತ ಎಣಿಕೆಯಾಗಿರುತ್ತೆ. ಕೇಂದ್ರ ಸರ್ಕಾರದ ಕಾಲೇಜು ರ್‍ಯಾಂಕಿಂಗ್ ಆದ ಎನ್‌ಐಆರ್‌ಎಫ್‌ಗೆ ಕಾಲೇಜು ಕೊಟ್ಟ ಮಾಹಿತಿಯಲ್ಲಿ ಕೆಲಸ ಸಿಕ್ಕವರ ಸಂಖ್ಯೆ, ಮಧ್ಯಮ ಸಂಬಳ ಎರಡೂ ಇರುತ್ತೆ, ಅವರ ಜಾಲತಾಣದಲ್ಲೇ ನೋಡಬಹುದು.

ಕೇಳಿದವರು: ಎಲೆಕ್ಟ್ರಾನಿಕ್ಸ್ ಓದಿದ್ರ ಸಾಫ್ಟ್‌ವೇರ್ ಕೆಲಸ ಸಿಗೂದಿಲ್ಲ ಅಂತಾಳ್ರಿ.

ಎಲೆಕ್ಟ್ರಾನಿಕ್ಸ್ ಪಾಠ ಮಾಡುವವರು: ಹಾಗೇನಿಲ್ಲ ಸರ್. ಒಟ್ಟಿಗೆ ನೂರಾರು ಜನರನ್ನು ತಗೊಳ್ಳುವ ಕಂಪನಿಗಳು ಸಾಮಾನ್ಯವಾಗಿ ಬ್ರಾಂಚ್ ನೋಡಲ್ಲ. ಎಸ್ಸೆಸ್ಸೆಲ್ಸಿ, ಪಿಯುಸಿ, ಡಿಗ್ರಿ ಮೂರರಲ್ಲೂ ಶೇ 60 ಮತ್ತು ಬ್ಯಾಕ್‌ಲಾಗ್ (ಫೇಲಾಗಿ ಉಳಿದ ವಿಷಯ) ಇರಬಾರದು, ಅನೇಕ ಕಡೆ ಮೊದಲ ಜರಡಿ ಅಷ್ಟೇ. ಹೆಚ್ಚು ಮಕ್ಕಳು ಎಡವೋದು ಮೊದಲ ವರ್ಷದ ಗಣಿತದಲ್ಲಿ. ಅದು ಉಳಿದರೆ ಏಳನೇ ಸೆಮಿಸ್ಟರಿನ ಸಂದರ್ಶನಕ್ಕೆ ಕೂರಿಸಲ್ಲ. ಎರಡನೇ ವರ್ಷದಿಂದ ದಿನಕ್ಕೆ ಒಂದು ಗಂಟೆ ಸಿ, ಡೇಟಾ ಸ್ಟ್ರಕ್ಚರ್ಸ್, ಎಸ್‌ಕ್ಯೂಎಲ್ ಕೈಯಾರೆ ಬರೆದು ಕಲಿಯಲಿ. ಜೊತೆಗೆ ವೆರಿಲಾಗ್ ಕಲಿತರೆ ಚಿಪ್ ಡಿಸೈನ್, ಎಂಬೆಡೆಡ್ ಕೆಲಸದ ಬಾಗಿಲೂ ತೆರೆದಿರುತ್ತೆ. ಕಂಪ್ಯೂಟರ್ ಸೈನ್ಸ್ ಮಕ್ಕಳಿಗೆ ಆ ದಾರಿ ಕಷ್ಟ.

ವಿದ್ಯಾರ್ಥಿವೇತನ ಅರ್ಜಿ ನೋಡಿಕೊಳ್ಳುವವರು: ಮಗಳು ರಾಣೆಬೆನ್ನೂರಿಂದಲೇ ಓಡಾಡಬಹುದು. ಸಾರಿಗೆ ಬಸ್ಸಲ್ಲಿ ಶಕ್ತಿ ಯೋಜನೆ ಇರೋದರಿಂದ ಟಿಕೆಟ್ ಖರ್ಚಿಲ್ಲ, ಹಾಸ್ಟೆಲ್ ಖರ್ಚೂ ಉಳಿಯುತ್ತೆ. ನೀವು ರೈತರು, ಎಫ್‌ಐಡಿ (ರೈತರ ಗುರುತಿನ ಸಂಖ್ಯೆ) ಮಾಡಿಸಿಟ್ಟುಕೊಳ್ಳಿ. 2021ರಲ್ಲಿ ಶುರುವಾದ, ರೈತರ ಮಕ್ಕಳ ವಿದ್ಯಾರ್ಥಿವೇತನವಾದ ರೈತ ವಿದ್ಯಾನಿಧಿಯಲ್ಲಿ ಇಂಜಿನಿಯರಿಂಗ್ ಹುಡುಗಿಯರಿಗೆ ವರ್ಷಕ್ಕೆ 11 ಸಾವಿರ ಅಂತ ನಿಗದಿ ಮಾಡಿದ್ದರು. ಬಂದರೆ 4 ಲಕ್ಷದ ಸಾಲದ ಮೊದಲ ವರ್ಷದ ಬಡ್ಡಿ ಅದರಲ್ಲೇ ಮುಗಿಯುತ್ತೆ. ಆದರೆ ಇಂತಹ ಹಣ ಬರೋದು ತಡ, ಅದನ್ನೇ ನಂಬಿ ಶುಲ್ಕದ ತಾರೀಖು ಕಳೀಬೇಡಿ. ಹಿಂದುಳಿದ ವರ್ಗ ಅಥವಾ ಅಲ್ಪಸಂಖ್ಯಾತರಾಗಿದ್ದರೆ ಆ ವರ್ಗದ ಅಭಿವೃದ್ಧಿ ನಿಗಮದ ಅರಿವು ಶಿಕ್ಷಣ ಸಾಲ ಶೇ 2ರ ಬಡ್ಡಿಗೆ ಸಿಗುತ್ತೆ, ಬ್ಯಾಂಕಿಗೆ ಹೋಗೋ ಮುಂಚೆ ಅದನ್ನು ವಿಚಾರಿಸಿ.

ಕೌನ್ಸೆಲಿಂಗ್ ಬಲ್ಲವರು: ಸೀಟು ಬಿಡಬೇಡಿ ಅಣ್ಣ, ಚಾಯ್ಸ್ 2 ಒತ್ತಿ. ಶುಲ್ಕ ಕಟ್ಟಿ ಈ ಸೀಟು ಹಿಡಿದಿಟ್ಟುಕೊಂಡೇ ಮುಂದಿನ ಸುತ್ತಿಗೆ ಹೋಗಬಹುದು. ನೀವು ಕೊಟ್ಟ ಆಪ್ಷನ್ ಪಟ್ಟಿಯಲ್ಲಿ ಇದಕ್ಕಿಂತ ಮೇಲಿರುವ ಕಂಪ್ಯೂಟರ್ ಸೈನ್ಸ್ ಸೀಟು ಸರ್ಕಾರಿ ಕೋಟಾದಲ್ಲೇ ಸಿಕ್ಕರೂ ಸಿಗಬಹುದು. ಆದಾಯ 8 ಲಕ್ಷದೊಳಗಿದ್ದು ಅರ್ಜಿಯಲ್ಲಿ ಎಸ್‌ಎನ್‌ಕ್ಯೂ (ಹೆಚ್ಚುವರಿ ಸೀಟಿನ ಕೋಟಾ) ಕೇಳಿದ್ದರೆ ಬೋಧನಾ ಶುಲ್ಕ ಇಲ್ಲದ ಸೀಟಿಗೂ ಅವಕಾಶ ಉಂಟು. ಒಂದು ಎಚ್ಚರ: ಮೇಲಿನ ಸೀಟು ಹಂಚಿಕೆಯಾದ ಕೂಡಲೇ ದಾವಣಗೆರೆಯದ್ದು ತಾನಾಗೇ ಹೋಗುತ್ತೆ, ಮತ್ತೆ ಕೇಳಿದರೆ ಸಿಗಲ್ಲ. ಸೇರೋಕೆ ಇಷ್ಟ ಇಲ್ಲದ ಕಾಲೇಜು ಮೇಲುಗಡೆ ಏನಾದರೂ ಉಳಿದಿದ್ದರೆ ಆಪ್ಷನ್ ತಿದ್ದುವ ದಿನವೇ ತೆಗೆದುಹಾಕಿ.