ಉದ್ಯಮಬಾಗದಾಗ ವಿಎಂಸಿ ಆಪರೇಟರ್ ಸಿಗವಲ್ರು, ಆನ್‌ಲೈನ್ ಆ್ಯಡ್ ಹಾಕಿದ್ರೂ ಬರವಲ್ರು, ಏನ್ ಮಾಡೂದ್ರಿ?

ಜಾಬ್‌ವರ್ಕ್ ಹುಡುಗ, ಬೆಳಗಾವಿ

ನಮಸ್ಕಾರ್ರಿ ಎಲ್ಲಾರಿಗೂ. ಉದ್ಯಮಬಾಗದಾಗ ನಮ್ದೊಂದು ಸಣ್ಣ ಮಷೀನ್ ಶಾಪ್ ಐತಿ, 26 ಮಂದಿ ಅದೀವಿ, ಹೈಡ್ರಾಲಿಕ್ ವಾಲ್ವ್ ಬಾಡಿ, ಬುಶ್ ಇಂಥಾ ಭಾಗ ಬ್ಯಾರೆ ಕಂಪನಿಗೆ ಮಾಡಿಕೊಡೂ ಜಾಬ್‌ವರ್ಕ್. ನಮ್ಮಪ್ಪಾರ ಕಾಲಕ್ಕ ಗೇಟಿಗೆ 'ಟರ್ನರ್ ಬೇಕಾಗಿದ್ದಾರೆ' ಅಂತ ಒಂದು ಹಲಗಿ ತೂಗಹಾಕಿದ್ರ ಸಾಕು, ಮರುದಿನ ಮುಂಜಾನೆ ನಾಕ್ ಮಂದಿ ಟಿಫಿನ್ ಡಬ್ಬಿ ಹಿಡಕೊಂಡ ನಿಂತಿರ್ತಿದ್ರಂತ. ಈಗ ಎರಡು ಹೊಸಾ ವಿಎಂಸಿ (ಕಂಪ್ಯೂಟರ್ ಹೇಳಿದಂಗ ಲೋಹ ಕೊರಿಯೂ ಮಷೀನ್) ತಂದೇವಿ, 6 ಮಂದಿ ಆಪರೇಟರ್ ಬೇಕು, ಒಂದು ಮಷೀನಿಂದು ಪ್ಲಾಸ್ಟಿಕ್ ಕವರ್ ಸೈತ ತಗದಿಲ್ಲ, ಇಎಂಐ ಮಾತ್ರ ತಪ್ಪದ ಕಟ್ ಆಗಾಕತ್ತೈತಿ.

ಒಂದು ಜಾಬ್ ಪೋರ್ಟಲ್‌ನ್ಯಾಗ ರೊಕ್ಕಾ ಕೊಟ್ಟು ಆ್ಯಡ್ ಹಾಕಿದೆ. 214 ಅರ್ಜಿ ಬಂದ್ವು! ಅರ್ಧಕ್ಕರ್ಧ ಬಿಕಾಂ, ಎಂಬಿಎ, ಮಷೀನ್ ಮುಟ್ಟಲಾರದವ್ರು. 38 ಮಂದಿಗೆ ಫೋನ್ ಹಚ್ಚಿದೆ, 17 ಮಂದಿ ಎತ್ತಿದ್ರು, 11 ಮಂದಿ 'ಬರ್ತೀನ್ರಿ ಸರ್' ಅಂದ್ರು, ಬಂದವ್ರು 3, ಜಾಯಿನ್ ಆದಾಂವ ಒಬ್ಬಾಂವ, ಆಂವನೂ ಮೂರನೇ ದಿನ ಊಟಕ್ಕ ಅಂತ ಹೋದಾಂವ ಹೊಳ್ಳಿ ಬರಲೇ ಇಲ್ಲ, ನಾವ್ ಕೊಟ್ಟ ಸೇಫ್ಟಿ ಶೂ ಹಾಕ್ಕೊಂಡ ಹೋಗ್ಯಾನ. ಈಗ ಒಬ್ರು ಎಐ ಸಾಫ್ಟ್‌ವೇರ್ ತಗೋರಿ, ರೆಸ್ಯೂಮ್ ತಾನ ಆರಿಸಿ ಕೊಡ್ತೈತಿ ಅಂತ ಬೆನ್ನ ಹತ್ಯಾರ. ತಗೋಬೇಕೇನ್ರಿ?

ಎಚ್‌ಆರ್ ಅಲ್ಲದ ಎಚ್‌ಆರ್

ಅಣ್ಣಾ, ಸಾಫ್ಟ್‌ವೇರ್ ಆಮೇಲೆ. ಮೊದ್ಲ ನಿಮ್ಮ ಆ್ಯಡ್ ಇಲ್ಲಿ ಹಾಕು ನೋಡೋಣ.

ಜಾಬ್‌ವರ್ಕ್ ಹುಡುಗ, ಬೆಳಗಾವಿ

ಇಂಗ್ಲಿಷಿನ್ಯಾಗ ಐತಿ. ಅರ್ಥ ಹಿಂಗ: 'ಹೆಸರಾಂತ ಸಂಸ್ಥೆಗೆ ಉತ್ಸಾಹಿ, ಅನುಭವಿ ವಿಎಂಸಿ ಆಪರೇಟರ್ ಬೇಕು. ಆಕರ್ಷಕ ವೇತನ. ರೆಸ್ಯೂಮ್ ಮೇಲ್ ಮಾಡಿ.' ಪೋರ್ಟಲ್‌ನವ್ರ ರೆಡಿಮೇಡ್ ಕೊಟ್ಟಿದ್ರು.

ಎಚ್‌ಆರ್ ಅಲ್ಲದ ಎಚ್‌ಆರ್

ಇಲ್ಲೇ ಸಿಕ್ಕತು ನೋಡು. ಖಾನಾಪುರದ ಐಟಿಐ ಹುಡುಗ ರೆಸ್ಯೂಮ್ ಎಲ್ಲಿಂದ ಮೇಲ್ ಮಾಡಾಂವ, ಆಂವನ ಹತ್ರ ಮೇಲ್ ಐಡಿ ಇರೂದು ಫೋನ್ ಚಾಲೂ ಮಾಡಾಕ ಅಷ್ಟ. ಪಗಾರ ಎಷ್ಟು, ಶಿಫ್ಟ್ ಎಷ್ಟಕ್ಕ, ಪಿಎಫ್ ಇಎಸ್‌ಐ ಐತೋ ಇಲ್ಲೋ, ಮಷೀನ್ ನಡಸೂ ಕಂಟ್ರೋಲ್ ಫ್ಯಾನಕ್ ಕಂಪನೀದೋ ಸೀಮೆನ್ಸಿಂದೋ, ಬಸ್ ಸ್ಟಾಪಿಂದ ಎಷ್ಟು ದೂರ, ಇವನ್ನೆಲ್ಲಾ ಬರಿಬೇಕು. ನಾವು ಮಚ್ಛೆ ಕಡೆ ಇರೂದು. ಹೋದ ವರ್ಷದಿಂದ ಫೇಸ್‌ಬುಕ್, ಇನ್‌ಸ್ಟಾ ಆ್ಯಡ್ ಹಾಕಿ ಅದಕ್ಕ ವಾಟ್ಸ್‌ಆ್ಯಪ್ ಬಟನ್ ಇಡ್ತೀವಿ. ಒತ್ತಿದ ಕೂಡಲೇ ಸೀದಾ ಚಾಟ್ ಓಪನ್ ಆಗ್ತೈತಿ, ಫಾರ್ಮ್ ಗೀರ್ಮ್ ಏನಿಲ್ಲ. ಆ್ಯಡ್ ಇಡೀ ಕರ್ನಾಟಕಕ್ಕ ಬಿಡಬ್ಯಾಡ, ಮ್ಯಾಪ್‌ನ್ಯಾಗ ಉದ್ಯಮಬಾಗದ ಮ್ಯಾಲೆ ಪಿನ್ ಇಟ್ಟು ಸುತ್ತ 40 ಕಿಲೋಮೀಟರ್ ಅಂತ ಹಾಕು. ಕನ್ನಡದಾಗ ಒಂದು, ಮರಾಠಿಯಾಗ ಒಂದು, ಎರಡೂ ಬೇಕು ಇಲ್ಲಿ.

ಫೋಟೋಕ್ಕಿಂತ ವಿಡಿಯೋ ನಡೀತೈತಿ. ಸೂಟು ಬೂಟು ಹಾಕ್ಕೊಂಡ ಕೈ ಕುಲುಕೂ ಫೋಟೋ ಮಾತ್ರ ಬ್ಯಾಡೋ ಮಾರಾಯಾ. ನಿಮ್ಮ ಹಳೇ ಆಪರೇಟರ್ ಒಬ್ಬಾಂವ ಮಷೀನ್ ಮುಂದ ನಿಂತು 'ನಾ ಇಲ್ಲಿ ನಾಕ್ ವರ್ಷದಿಂದ ಅದೀನಿ' ಅಂತ ಅರ್ಧಾ ನಿಮಿಷ ಮಾತಾಡಿದ್ರ ಸಾಕು.

ಇನ್ನೊಂದು, ವಾಟ್ಸ್‌ಆ್ಯಪ್ ಬ್ರಾಡ್‌ಕಾಸ್ಟ್ ಮಾಡಿ ಎಲ್ಲಾರಿಗೂ ಮುಟ್ಟತು ಅಂತ ಕುಂದರಬ್ಯಾಡ. ನಿನ್ನ ನಂಬರ್ ಯಾರು ಸೇವ್ ಮಾಡ್ಕೊಂಡಿರ್ತಾರೋ ಅವ್ರಿಗೆ ಮಾತ್ರ ಅದು ಹೋಗ್ತೈತಿ. ಹುಡುಗ ಮೆಸೇಜ್ ಹಾಕಿದ ಕೂಡಲೇ 'ನಂಬರ್ ಸೇವ್ ಮಾಡ್ಕೋಪಾ' ಅಂತ ಹೇಳಿಬಿಡೂದು.

ನೈಟ್ ಶಿಫ್ಟ್ ನಾಗ್ಯಾ

ಮಾಲಕರ ಮಾತು ಕೇಳಿದ್ರಿ, ಈಗ ಆಪರೇಟರ್ ಮಾತು ಕೇಳ್ರಿ. ನಾ ಬೈಲಹೊಂಗಲ ಕಡೆಯಾಂವ, 7 ವರ್ಷದಿಂದ ವಿಎಂಸಿ ಮ್ಯಾಲೆ ಅದೀನಿ, ಮೊದ್ಲ ಪುಣೆ ಚಿಂಚವಾಡ, ಈಗ ಕೊಲ್ಲಾಪುರ ಶಿರೋಳಿ. 11 ಮಂದಿ ಬರ್ತೀನಿ ಅಂದು ಯಾಕ ಬರಲಿಲ್ಲ ಅಂತ ಹೇಳ್ತೀನಿ. ನೀವ್ ಅರ್ಜಿ ಬಂದ ಎಷ್ಟು ದಿನಕ್ಕ ಫೋನ್ ಮಾಡಿದ್ರಿ? ಎಂಟ್ ದಿನ? ಅಷ್ಟರಾಗ ಆಂವ ಬ್ಯಾರೆ ಕಡೆ ಹತ್ತಿರ್ತಾನ. ಕೆಲಸ ಬಿಟ್ಟಾಂವ ಮನ್ಯಾಗ ನಾಕ್ ದಿನ ಕುಂತ್ರ ಅವ್ವ ಅಪ್ಪ ಸುಮ್ನಿರ್ತಾರೇನ್ರಿ?

ಗೊತ್ತಿಲ್ಲದ ನಂಬರಿಂದ ಫೋನ್ ಬಂದ್ರ ನಾವು ಎತ್ತೂದಿಲ್ಲ. ನಂಗೂ ಒಮ್ಮೆ ಹಿಂಗ ಒಬ್ಬಾಂವ ಫೋನ್ ಮಾಡಿ ದೊಡ್ಡ ಕಂಪನಿಯಾಗ ಕೆಲಸ, ರಿಜಿಸ್ಟ್ರೇಷನ್ನಿಗೆ 1,500 ಹಾಕು ಅಂದ, ಹಾಕಿದೆ, ಮರುದಿನ ನಂಬರ್ ಸ್ವಿಚ್ ಆಫ್. ಅದಕ್ಕ ಆ್ಯಡ್‌ನ್ಯಾಗ ದಪ್ಪ ಅಕ್ಷರದಾಗ 'ಒಂದು ರೂಪಾಯಿನೂ ಕೊಡೂದು ಬ್ಯಾಡ' ಅಂತ ಬರೀರಿ, ಲೊಕೇಶನ್ ಕಳಸ್ರಿ, ಗೇಟಿಂದ ಒಂದು ಫೋಟೋ ಹಾಕ್ರಿ. ಮತ್ತ ಕ್ಯಾಲೆಂಡರ್ ನೋಡ್ರಿ ಒಮ್ಮೆ, ನೀವ್ ಬಾ ಅಂದದ್ದು ಅಮಾಸಿ ದಿನ ಏನರ ಇತ್ತಾ? 😄

ಪಗಾರ ಎರಡು ಸಾವಿರ ಕಡಿಮಿ ಆದ್ರೂ ಊರ ಹತ್ರ ಇರೂದು ನಮಗೂ ಬೇಕಾಗೈತ್ರಿ. ಅಲ್ಲಿ ರೂಮ್ ಭಾಡಿಗಿ, ಮೆಸ್ಸು ಕೊಟ್ಟ ಮ್ಯಾಲೆ ಉಳಿಯೂದು ಅಷ್ಟರಾಗ ಅಷ್ಟ. ಆದ್ರ ಸೆಕೆಂಡ್ ಶಿಫ್ಟ್ ರಾತ್ರಿ ಬಿಟ್ಟ ಮ್ಯಾಲೆ ಊರಿಗೆ ಹೋಗಾಕ ಬಸ್ ಎಲ್ಲೈತಿ? ಇದನ್ನ ಯಾವ ಆ್ಯಪ್‌ನ್ಯಾಗೂ ಯಾರೂ ಕೇಳಿಲ್ಲ ನಂಗ.

ಗೋಳಗುಮ್ಮಟ ಸರ್

ನಾ ವಿಜಯಪುರದಾಗ ಐಟಿಐ ಹುಡುಗರಿಗೆ ಕಲಿಸ್ತೀನ್ರಿ. ಕಂಪನಿಯವ್ರು ನಮ್ಮ ಕಡೆ ಜೂನ್ ಜುಲೈದಾಗ ಓಡಿ ಬಂದು 'ನಾಳೆ ಹತ್ತು ಹುಡುಗರ್ನ ಕೊಡ್ರಿ' ಅಂತಾರ, ಹುಡುಗರೇನು ಜ್ವಾಳದ ಚೀಲ ಏನ್ರಿ. ಪರೀಕ್ಷಾಕ್ಕಿಂತ ಆರು ತಿಂಗಳು ಮೊದ್ಲ ಬಂದು ಒಂದಿನ ಅವರ ಕೂಡ ವರ್ಕ್‌ಶಾಪಿನ್ಯಾಗ ನಿಂತ್ರ ಹುಡುಗರು ತಾವಾಗೇ ನೆನಪಿಡ್ತಾರ.

ನೀವು 26 ಮಂದಿ ಅದೀರಿ ಅಂದ್ರಿ. ಅಪ್ರೆಂಟಿಸ್ ಕಾಯ್ದೆ 1961ರದು, 30 ಇಲ್ಲಾ ಅದಕ್ಕಿಂತ ಹೆಚ್ಚು ಮಂದಿ ಇದ್ದವ್ರಿಗೆ ಅಪ್ರೆಂಟಿಸ್ (ಕೆಲಸ ಕಲಿಯಾಕ ಬರೂ ಹುಡುಗರು) ತಗೊಳ್ಳೂದು ಕಡ್ಡಾಯ, 4ರಿಂದ 29 ಇದ್ದವ್ರಿಗೆ ಇಷ್ಟ ಇದ್ರ ಅಷ್ಟ. ಲೆಕ್ಕ ಒಟ್ಟು ಮಂದಿಯ ಶೇಕಡಾ 2.5ರಿಂದ 15, ಅಂದ್ರ ನಿಮಗ ಮೂರು ಮಂದಿ ಮಟಾ ಅಡ್ಡಿ ಇಲ್ಲ. 2016ರಾಗ ಶುರು ಆದ ರಾಷ್ಟ್ರೀಯ ಅಪ್ರೆಂಟಿಸ್‌ಶಿಪ್ ಯೋಜನೆದಾಗ ಸ್ಟೈಪೆಂಡಿನ ಶೇಕಡಾ 25, ತಿಂಗಳಿಗೆ 1,500 ರೂಪಾಯಿ ಮಿತಿ ಮಟಾ, ಕೇಂದ್ರ ಸರ್ಕಾರ ಹಾಕ್ತದ. ಎಲ್ಲಾ ಅಪ್ರೆಂಟಿಸ್‌ಶಿಪ್ ಪೋರ್ಟಲ್ ಮ್ಯಾಲೇ ಅದ, ಕಾಂಟ್ರ್ಯಾಕ್ಟ್ ಸೈತ ಆನ್‌ಲೈನ್. ಆದ್ರ ಅಪ್ರೆಂಟಿಸ್ ಅಂದ್ರ ಅಗ್ಗದ ಆಪರೇಟರ್ ಅಂತ ತಿಳಕೋಬ್ಯಾಡ್ರಿ, ಕಸಾ ಹೊಡಸಾಕ ಹಚ್ಚಿದ್ರ ಆ ಹುಡುಗ ಮುಂದಿನ ವರ್ಷ ನಮ್ಮ ಇಡೀ ಬ್ಯಾಚಿಗೆ ಹೇಳ್ತಾನ. ನಿಮ್ಮ ಬೆಳಗಾವಿಯೊಳಗ ಜಿಟಿಟಿಸಿನೂ (ಸರ್ಕಾರಿ ಟೂಲ್‌ರೂಮ್ ತರಬೇತಿ ಕೇಂದ್ರ) ಅದಲ್ರಿ, ಟೂಲ್ ಆ್ಯಂಡ್ ಡೈ ಡಿಪ್ಲೊಮಾ ಹುಡುಗರು, ಅಲ್ಲಿ ಕೇಳಿ ನೋಡ್ರಿ.

ಕುಂದಾ ಪ್ರೇಮಿ

ಎಐ ಬಗ್ಗೆ ಯಾರೂ ಹೇಳಲಿಲ್ಲ. ನಾವು ಟ್ರೈ ಮಾಡೇವಿ. ನೂರು ರೆಸ್ಯೂಮ್ ಹಾಕಿದ್ವಿ, ಚಲೋ ಇಂಗ್ಲಿಷ್ ಇದ್ದ ಇಪ್ಪತ್ತು ಮ್ಯಾಲೆ ತಂದು ಇಡ್ತು. ಐಟಿಐ ಮುಂದಿನ ಝೆರಾಕ್ಸ್ ಅಂಗಡ್ಯಾಂವ ಎಲ್ಲಾರಿಗೂ ಒಂದ ನಮೂನಿ ರೆಸ್ಯೂಮ್ ಟೈಪ್ ಮಾಡಿ ಕೊಡ್ತಾನ, ಹೆಸರು ಫೋಟೋ ಅಷ್ಟ ಬ್ಯಾರೆ, ಅದರಾಗ ಏನ್ ಆರಿಸ್ತೈತಿ ಅದು? 'ಟರ್ನರ್, ಫ್ಯಾನಕ್ ಮ್ಯಾಲೆ 5 ವರ್ಷ' ಅಂತ ಬರದಾಂವನ್ನ 'ಸಿಎನ್‌ಸಿ ಆಪರೇಟರ್' (ಕಂಪ್ಯೂಟರಿಂದ ನಡಿಯೂ ಮಷೀನ್ ಆಪರೇಟರ್) ಅನ್ನೂ ಶಬ್ದ ಇಲ್ಲಂತ ಕೆಳಗ ದಬ್ಬಿತ್ತು. ಆಂವನ್ನ ನಾನ ಕೈಲೇ ಹುಡುಕಿ ಕರದೆ. ಡ್ರಾಯಿಂಗ್ ಒಂದು, ಪೀಸ್ ಅಳತಿ ಮಾಡೂ ಮೈಕ್ರೋಮೀಟರ್ ಒಂದು ಮುಂದ ಇಟ್ಟೆ. ಪೀಸ್ ಮುಟ್ಟೂಕಿಂತ ಮೊದ್ಲ ಮೈಕ್ರೋಮೀಟರ್ ಎರಡೂ ಬಾಯಿ ಅರಿವಿಲೆ ಒರಸಿ, ಮುಚ್ಚಿ, ಝೀರೋ ಚೆಕ್ ಮಾಡಿ, 'ಸರ್ ಇದು ಒಂದು ಗೀಟು ಹೆಚ್ಚಿಗಿ ತೋರಸಾಕತ್ತೈತ್ರಿ' ಅಂದ. 0.01 ಎಂಎಂ. ಅಷ್ಟಕ್ಕ ಇಂಟರ್‌ವ್ಯೂ ಮುಗೀತು.

ಎಐ ನಾ ಈಗ ಒಂದಕ್ಕ ಬಳಸ್ತೀನಿ, ನಾ ಕನ್ನಡದಾಗ ಬರದ ಆ್ಯಡ್ ಮರಾಠಿಗೆ ಮಾಡಾಕ. ಅದನ್ನೂ ಶಾಪಿನ ಮರಾಠಿ ಹುಡುಗರ್ಗೆ ಒಮ್ಮೆ ತೋರಿಸೇ ಹಾಕೂದು, ಇಲ್ಲಂದ್ರ ನಗ್ತಾರ.

ಜಾಬ್‌ವರ್ಕ್ ಹುಡುಗ, ಬೆಳಗಾವಿ

ಮೂರು ವಾರ ಆತ್ರಿ, ಹೇಳಬೇಕಂತ ಬಂದೆ. ನಾಗ್ಯಾ ಅಣ್ಣಾ, ಕ್ಯಾಲೆಂಡರ್ ನೋಡಿದೆ, ಖರೇನ ಅಮಾಸಿ ಇತ್ತು, ನಮ್ಮವ್ವ ಬೈದ್ಲು.

ದಿನಕ್ಕ 300 ರೂಪಾಯಿ ಹಂಗ ಹತ್ತು ದಿನ ಆ್ಯಡ್ ಓಡಿಸಿದೆ, ಪಗಾರ ಶಿಫ್ಟ್ ಎಲ್ಲಾ ಬರದು. ಬಂದ ಮೆಸೇಜ್ 61 ಅಷ್ಟ, ಆದ್ರ ಬಹಳಷ್ಟು ಕೆಲಸ ಗೊತ್ತಿದ್ದವ್ರ. ಅವತ್ತಿನ ಮೆಸೇಜಿಗೆ ಅವತ್ತ ಉತ್ತರಾ, ಟೈಪ್ ಮಾಡಾಕ ಬ್ಯಾಸರ ಆದ್ರ ವಾಯ್ಸ್ ನೋಟ್. 14 ಮಂದಿ ಟ್ರಯಲ್ಲಿಗೆ ಬಂದ್ರು, 4 ಮಂದಿ ಜಾಯಿನ್ ಆಗ್ಯಾರ. ಅದರಾಗ ಇಬ್ರು ಆ್ಯಡಿಂದ ಬಂದವ್ರಲ್ಲ, ನಮ್ಮ ಹಳೇ ಆಪರೇಟರ್ ವಿಡಿಯೋ ತನ್ನ ಸ್ಟೇಟಸ್ಸಿಗೆ ಇಟ್ಟಿದ್ದ, ಅದನ್ನ ನೋಡಿ ಬಂದ ಆಂವನ ಊರವ್ರು. ಆಂವಗ ತಲಿಗೆ 2,000 ಕೊಡ್ತೀನಿ ಅಂದೇನಿ, ಅರ್ಧಾ ಈಗ, ಅರ್ಧಾ ಮೂರು ತಿಂಗಳು ಉಳದ ಮ್ಯಾಲೆ. ಸೆಕೆಂಡ್ ಶಿಫ್ಟಿಗೆ ಬಾಜೂ ಶಾಪಿನವ್ರ ಕೂಡ ಅರ್ಧಾ ಅರ್ಧಾ ಹಾಕಿ ಒಂದು ಟೆಂಪೋ ಟ್ರಾಕ್ಸ್ ಹಚ್ಚೇವಿ. ಆ ಖರ್ಚು ನೋಡಿ ಅಪ್ಪಾರು ಇನ್ನೂ ಮಾರಿ ಗಂಟ ಹಾಕ್ಕೊಂಡಾರ.

ಇನ್ನೂ ಇಬ್ರು ಬೇಕು. ನಿನ್ನೆ ರಾತ್ರಿ ಒಂದು ಮೆಸೇಜ್ ಬಂತು, 'ಸರ್ ಕೆಲಸ ಖಾಲಿ ಐತೇನ್ರಿ, ಟೆಂಪೋ ಬಿಟ್ಟೀರಂತ' ಅಂತ. ಡಿಪಿ ನೋಡಿದ್ರ ಆಂವನ, ಶೂ ಹಾಕ್ಕೊಂಡ ಹೋದಾಂವ.

ನೈಟ್ ಶಿಫ್ಟ್ ನಾಗ್ಯಾ

ಕರೀರಿ. ಶೂ ಹಾಕ್ಕೊಂಡ ಬಾ ಅನ್ರಿ.