ಸಹಾಯ ಬೇಕು: ವಸತಿ ವಲಯದ ನಕ್ಷೆಯೊಳಗೆ ಬಂದಿರುವ ನಮ್ಮ ಹಟ್ಟಿಗಳು (ದನದ ಕೊಟ್ಟಿಗೆಗಳು)

ಎಲ್ಲರಿಗೂ ನಮಸ್ಕಾರ. ಉಡುಪಿ ಹೊರವಲಯದ ನಮ್ಮ ಗ್ರಾಮಕ್ಕೆ ಹೊಸ ಕರಡು ನಕ್ಷೆಯಲ್ಲಿ ಹಳದಿ ಬಣ್ಣ ಬಿದ್ದಿದೆ, ಅಂದರೆ ವಸತಿ ವಲಯ. ಇನ್ನು ಮನೆ ಪಕ್ಕ ಹೊಸ ಹಟ್ಟಿ ಕಟ್ಟುವ ಹಾಗಿಲ್ಲ, ಇದ್ದದ್ದಕ್ಕೂ ಅಂತರದ ನಿಯಮ ಬರುತ್ತದೆ ಅಂತ ಕಚೇರಿಯಲ್ಲಿ ಬಾಯಿಮಾತಲ್ಲಿ ಹೇಳಿದರು. ಬರಹದಲ್ಲಿ ಏನೂ ಕೊಡಲಿಲ್ಲ. ಆಕ್ಷೇಪಣೆಗೆ 18 ದಿನ ಮಾತ್ರ ಉಳಿದಿದೆ.

ನಮ್ಮದು 30 ಸೆಂಟ್ಸ್ ಜಾಗ. ಮೂರು ಊರದನ, ಆರು ಆಡು, ಸ್ವಲ್ಪ ಕೋಳಿ. ಊರದನ ಅಂದರೆ ಮಲೆನಾಡು ಗಿಡ್ಡ, 2012ರಲ್ಲಿ ರಾಷ್ಟ್ರಮಟ್ಟದಲ್ಲಿ ನೋಂದಣಿಯಾದ ತಳಿ. ಹಾಲು ದಿನಕ್ಕೆ ಒಂದೆರಡು ಲೀಟರ್ ಅಷ್ಟೇ. ಆದರೆ ಗುಡ್ಡೆಯ ಹುಲ್ಲಲ್ಲೇ ಹೊಟ್ಟೆ ತುಂಬಿಸಿಕೊಳ್ಳುತ್ತವೆ, ನಮ್ಮ ಮಳೆಗೆ ಜಗ್ಗುವುದಿಲ್ಲ. ಹಟ್ಟಿಗೆ ಹಾಸಿದ ಸೊಪ್ಪು ಸೆಗಣಿಯೊಟ್ಟಿಗೆ ಕೊಳೆತು ಗೊಬ್ಬರವಾದರೆ ಮಾತ್ರ ಅಮ್ಮನ ಮಲ್ಲಿಗೆ ಗಿಡ ಹೂ ಬಿಡುವುದು. ಆ ಹೂವಿನ ದುಡ್ಡಲ್ಲೇ ನನ್ನ ಓದು ಮುಗಿದದ್ದು.

ಹೊಸ ಲೇಔಟಿನವರು ವಾಸನೆ, ನೊಣ ಅಂತ ದೂರುವುದು ಸುಳ್ಳಲ್ಲ, ಗೊಬ್ಬರದ ಗುಂಡಿ ಮುಚ್ಚಿಡಲು ನಾವು ತಯಾರಿದ್ದೇವೆ. ಸಾವಿರಾರು ಕೋಳಿಯ ಫಾರ್ಮಿಗೂ ಮೂರು ದನದ ಹಟ್ಟಿಗೂ ಒಂದೇ ನಿಯಮ ಮಾಡುವುದು ಮಾತ್ರ ಅನ್ಯಾಯ.

1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ ಗೊತ್ತಿರುವ ವಕೀಲರು ಇದ್ದರೆ ದಯವಿಟ್ಟು ತಿಳಿಸಿ: ಈಗಾಗಲೇ ಇರುವ ಹಟ್ಟಿಯನ್ನು ಮುಂದುವರಿಸಲು ಯಾವ ದಾಖಲೆ ಬೇಕು? ಪಹಣಿ, ಹಾಲಿನ ಸೊಸೈಟಿಯ ಪಾಸ್‌ಬುಕ್ ಸಾಕಾ? ವರ್ಗ ಜಮೀನಿನ (ಪಟ್ಟಾ ಜಮೀನಿನ) ಸುತ್ತ 100 ಗಜದ ಕುಮ್ಕಿಯಲ್ಲಿ, ಅಂದರೆ ಅದಕ್ಕೆ ತಾಗಿದ ಸರ್ಕಾರಿ ಜಾಗದಲ್ಲಿ, ಸೊಪ್ಪು, ಮೇವು ತರುವ ಹಕ್ಕಿಗೂ ಪೆಟ್ಟು ಬೀಳುತ್ತದಾ? ಮಂಗಳೂರು ಕಡೆ ಹೀಗೆ ಆಕ್ಷೇಪಣೆ ಕೊಟ್ಟವರು ಅರ್ಜಿಯ ನಮೂನೆ ಹಾಕಿದರೆ ದೊಡ್ಡ ಉಪಕಾರ. ಆದಿತ್ಯವಾರ ನೆರೆಯ 14 ಮನೆಯವರು ಸೇರುತ್ತೇವೆ, ಅದಕ್ಕೆ ಮೊದಲು ಸಿಕ್ಕಿದರೆ ಎಲ್ಲರ ಸಹಿ ಹಾಕಿಸಬಹುದು.